3,500 ರೂಪಾಯಿ, 24 ಪುಟ, ಒಂದು ಮಡಚಿದ ಹಾಳೆ

ಮೊದಲೇ ಹೇಳಿಬಿಡುತ್ತೇನೆ, ನಾನು 33 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಮೊದಲು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ, ಆಮೇಲೆ ನಿವೃತ್ತಿಯಾಗುವವರೆಗೂ ಬೆಂಗಳೂರು. ನಾಲ್ಕರಿಂದ ಏಳನೇ ತರಗತಿವರೆಗೆ ಗಣಿತ, ಜೊತೆಗೆ ಯಾರು ರಜೆ ಹಾಕುತ್ತಾರೋ ಅವರ ಪಾಠ. ಹಾಗಾಗಿ ಮಕ್ಕಳ ಕಲಿಕೆಯನ್ನು ಅಳೆದು ಕೊಡುತ್ತೇವೆ ಅಂತ ಬೋರ್ಡ್ ಹಾಕಿಕೊಂಡ ಜಾಗಕ್ಕೆ ಹೋದಾಗ ನನ್ನ ಕಣ್ಣು ಸ್ವಲ್ಪ ಜಾಸ್ತಿಯೇ ಚುರುಕಾಗಿತ್ತು. ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಇದನ್ನು ಓದಿ.

ಹೋಗಿದ್ದು ನನ್ನ ಇಷ್ಟದಿಂದಲ್ಲ. ಸೊಸೆಯ ಆಫೀಸಿನಲ್ಲಿ ಯಾರೋ ಮಗನನ್ನು ಕರೆದುಕೊಂಡು ಹೋಗಿದ್ದರಂತೆ. "ಅತ್ತೆ, ಚಿನ್ನು ಮ್ಯಾಥ್ಸ್‌ನಲ್ಲಿ ಯಾಕೆ ಹಿಂದೆ ಬೀಳ್ತಿದ್ದಾಳೆ ಅಂತ ಗೊತ್ತಾಗುತ್ತೆ, ಒಂದ್ಸಲ ನೋಡೋಣ" ಅಂದಳು. ಚಿನ್ನು ಅಂದರೆ ನನ್ನ ಮೊಮ್ಮಗಳು, ನಾಲ್ಕನೇ ತರಗತಿ, ಇಂಗ್ಲಿಷ್ ಮೀಡಿಯಂ. ನಾನು ಮನೆಯಲ್ಲೇ ಇದ್ದರೂ ಅವಳಿಗೆ ಲೆಕ್ಕ ಹೇಳಿಕೊಡುವುದಿಲ್ಲ. ಹೇಳಿಕೊಡಲು ಕೂತರೆ ಐದೇ ನಿಮಿಷಕ್ಕೆ ಅವಳಿಗೆ ಬಾಯಾರಿಕೆ, ಹತ್ತು ನಿಮಿಷಕ್ಕೆ ಹೊಟ್ಟೆನೋವು. ಊರ ಮಕ್ಕಳಿಗೆಲ್ಲ ಹೇಳಿಕೊಟ್ಟವಳಿಗೆ ಮನೆ ಮಗು ಮಾತ್ರ ದಕ್ಕುವುದಿಲ್ಲ, ಇದು ಮೇಷ್ಟರುಗಳ ಮನೆಯಲ್ಲೆಲ್ಲ ಇರುವ ಕತೆ.

ಕೇಂದ್ರದ ಹೆಸರು ಬರೆಯುವುದಿಲ್ಲ. ಇಂಥವು ದಕ್ಷಿಣ ಬೆಂಗಳೂರಿನಲ್ಲಿ ಈಗ ಮೂರು ರಸ್ತೆಗೊಂದು ಆಗಿವೆ, ಒಂದರ ಗುಣ ಇನ್ನೊಂದಕ್ಕೂ ಇರಬಹುದು. ನೀವು ಹೋಗುವ ಜಾಗದಲ್ಲಿ ಏನು ಕೇಳಬೇಕು ಅಂತ ಗೊತ್ತಾದರೆ ನನಗೆ ಅಷ್ಟೇ ಸಾಕು.

ಶನಿವಾರ ಬೆಳಿಗ್ಗೆ 10ಕ್ಕೆ ಸಮಯ ಕೊಟ್ಟಿದ್ದರು. ಹನುಮಂತನಗರದಿಂದ ಆಟೋದಲ್ಲಿ ಹೋದೆವು. ಎರಡನೇ ಮಹಡಿ, ಲಿಫ್ಟ್ ಇದೆ ಆದರೆ ಅವತ್ತು ನಡೆಯುತ್ತಿರಲಿಲ್ಲ. ಮಂಡಿನೋವಿನ ಅಜ್ಜಿಯರು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಒಳಗೆ ತಣ್ಣಗಿದೆ, ಶೌಚಾಲಯ ಚೊಕ್ಕಟವಾಗಿದೆ, ಮಕ್ಕಳಿಗೆ ಅಂತಲೇ ಗಿಡ್ಡ ಕುರ್ಚಿಗಳಿವೆ. ಗೋಡೆಯ ಮೇಲೆ ರಾಕೆಟ್. ಈ ಖಾಸಗಿ ಕೇಂದ್ರಗಳಲ್ಲೆಲ್ಲ ರಾಕೆಟ್ ಯಾಕಿರುತ್ತದೋ ಕಾಣೆ.

3,500 ರೂಪಾಯಿ ಮುಂಗಡವಾಗಿ ಕಟ್ಟಬೇಕು. ಅದರಲ್ಲಿ 90 ನಿಮಿಷದ ಪರೀಕ್ಷೆ, ಒಂದು ವರದಿ, ವರದಿ ವಿವರಿಸಲು ಒಂದು ಭೇಟಿ. ಗಣಿತ, ಇಂಗ್ಲಿಷ್, "ಯೋಚನಾ ಕೌಶಲ", ಮತ್ತು ಬೇಕಿದ್ದರೆ ಕನ್ನಡ. ಬೇಕಿದ್ದರೆ! ಬೇಕು ಅಂದೆ.

ಪರೀಕ್ಷೆಯ ಹೆಚ್ಚಿನ ಭಾಗ ಟ್ಯಾಬ್‌ನಲ್ಲಿ. ಮಗು ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಸ್ವಲ್ಪ ಕಷ್ಟ, ತಪ್ಪಿದರೆ ಸ್ವಲ್ಪ ಸುಲಭ. ಇದು ಒಳ್ಳೆಯ ಏರ್ಪಾಡು, ಒಪ್ಪಿಕೊಳ್ಳುತ್ತೇನೆ. ನಾವು ತರಗತಿಯಲ್ಲಿ 40 ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಡುತ್ತಿದ್ದೆವು. ಐದು ಮಕ್ಕಳಿಗೆ ಅದು ತೀರಾ ಸುಲಭ, ಹತ್ತು ಮಕ್ಕಳಿಗೆ ಮೊದಲ ಸಾಲೇ ಗೋಡೆ. ಆ ಹತ್ತು ಮಕ್ಕಳು ಒಂದೂವರೆ ಗಂಟೆ ಸುಮ್ನೆ ಕೂತು ಪೆನ್ಸಿಲ್ ಚೂಪು ಮಾಡುವುದನ್ನು ನೋಡಿದವರಿಗೆ ಈ ಟ್ಯಾಬ್ ಪದ್ಧತಿಯ ಬೆಲೆ ಗೊತ್ತಾಗುತ್ತದೆ.

ಪೋಷಕರು ಹೊರಗೆ ಕೂರಬೇಕು. ನಡುವೆ ಗಾಜಿನ ಗೋಡೆ. ಚಿನ್ನು ಟ್ಯಾಬ್ ಪಕ್ಕದಲ್ಲಿ ಕೊಟ್ಟ ಬಿಳಿ ಹಾಳೆಯ ಮೇಲೆ ಏನೋ ಗೀಚುತ್ತಿದ್ದಳು. ಬೆರಳು ಮಡಚುತ್ತಿದ್ದಳು. ಒಂದು ಸಲ ಮೇಜಿನ ಕೆಳಗೆ ಕಾಲ್ಬೆರಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಳು ಅನ್ನಿಸಿತು. ನನಗೆ ಬೇಕಾಗಿದ್ದ ಮಾಹಿತಿ ಅಲ್ಲಿತ್ತು, ಆದರೆ ಅದನ್ನು ನೋಡುವವರು ಒಳಗೆ ಯಾರೂ ಇರಲಿಲ್ಲ. ಮೇಲ್ವಿಚಾರಣೆಗೆ ಇದ್ದ ಹುಡುಗ ಫೋನ್ ನೋಡುತ್ತಿದ್ದ.

ಆಮೇಲೆ ಬಂದದ್ದು ಓದಿನ ಪರೀಕ್ಷೆ. ಇದಕ್ಕೆ ಬೇರೆ ಕೋಣೆ, ಇಪ್ಪತ್ತಮೂರು ಇಪ್ಪತ್ನಾಲ್ಕು ವಯಸ್ಸಿನ ಒಬ್ಬ ಹುಡುಗಿ. ಬಾಗಿಲು ತೆರೆದೇ ಇತ್ತು, ಕಿವಿ ಕೊಟ್ಟು ಕೂತೆ. ಮೊದಲು ಅವಳು ಪರೀಕ್ಷೆಯ ಮಾತೇ ಎತ್ತಲಿಲ್ಲ. ನಿನ್ನ ಜಡೆ ಯಾರು ಹಾಕಿದ್ದು ಅಂತ ಕೇಳಿದಳು. ಅಜ್ಜಿ ಅಂದಳು ಇವಳು. ಬಿಗಿಯಾಗಿದ್ಯಾ ಅಂದಳು. ಹೂಂ ಅಂದಳು. (ಬಿಗಿಯಾಗಿರಲಿಲ್ಲ.) ಆಮೇಲೆ ಕನ್ನಡದ ಒಂದು ಹಾಳೆ ಕೊಟ್ಟು ಓದಿಸಿದಳು. ಚಿನ್ನು "ಮಳೆ ಬಂತು, ಕೆರೆ ತುಂಬಿತು" ಸರಸರ ಓದಿದಳು. "ಸೂರ್ಯ" ಬಂದ ಕಡೆ ನಿಂತಳು. "ಸೂಯ..." ಅಂದಳು. "ವಿದ್ಯಾರ್ಥಿ" ಬಂದಾಗ ಪೂರಾ ನಿಂತೇಬಿಟ್ಟಳು. ಆ ಹುಡುಗಿ ಸರಿಪಡಿಸಲಿಲ್ಲ, ಅವಸರ ಮಾಡಲಿಲ್ಲ. ಕಾದಳು. ಏನೋ ಬರೆದುಕೊಂಡಳು. ಕೊನೆಗೆ ಹಾಳೆ ಮಗುಚಿಟ್ಟು, "ಕತೆಯಲ್ಲಿ ಏನಾಯ್ತು ಹೇಳು" ಅಂದಳು. ಇವಳು ಪಟಪಟ ಹೇಳಿದಳು, ಕಪ್ಪೆ ಯಾಕೆ ಅತ್ತಿತು ಅನ್ನುವುದನ್ನೂ ಸೇರಿಸಿ.

ಹೊರಗೆ ಬಂದಾಗ ಆ ಹುಡುಗಿ ನನಗೆ ಹೇಳಿದ್ದು ಎರಡೇ ಮಾತು. "ಅಮ್ಮಾ, ಅರ್ಥ ಚೆನ್ನಾಗಿ ಆಗುತ್ತೆ ಇವಳಿಗೆ. ಒತ್ತಕ್ಷರ ಮತ್ತೆ ಅರ್ಕಾವತ್ತಲ್ಲಿ ಮಾತ್ರ ತಡೀತಾಳೆ, ದಿನಾ ಹತ್ತು ಪದ ಓದ್ಸಿ ಸಾಕು." ಏಳು ನಿಮಿಷ ಆಗಿತ್ತು ಅಷ್ಟೇ. 3,500ರಲ್ಲಿ ನನಗೆ ಖುಷಿ ಕೊಟ್ಟ ದುಡ್ಡು ಅಂದರೆ ಆ ಏಳು ನಿಮಿಷದ್ದು.

ಇದೇನು ಹೊಸ ವಿದ್ಯೆಯಲ್ಲ. 2005ರಿಂದ ಅಸರ್ ಅನ್ನುವ, ಮಕ್ಕಳ ಓದು ಲೆಕ್ಕ ನೋಡುವ ಸಮೀಕ್ಷೆಯವರು ಹಳ್ಳಿಹಳ್ಳಿಯ ಮನೆ ಬಾಗಿಲಿಗೆ ಹೋಗಿ ಮಾಡುತ್ತಿರುವುದು ಇದನ್ನೇ. ಒಂದು ಹಾಳೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಮಗು ಎಲ್ಲಿವರೆಗೆ ಸಲೀಸಾಗಿ ಓದುತ್ತದೋ ಅಲ್ಲಿಗೆ ಗುರುತು. ಯಂತ್ರ ಬೇಡ, ಎದುರಿಗೆ ಕೂತು ಕೇಳುವ ಒಂದು ಜೀವ ಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲೂ ಅಷ್ಟೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಗು ಕಾರ್ಡಿನಿಂದ ಕಾರ್ಡಿಗೆ ಏಣಿ ಹತ್ತಿದ ಹಾಗೆ ಹೋಗುತ್ತದೆ, ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಗೋಡೆಯ ಪ್ರಗತಿ ನೋಟದಲ್ಲಿ ಮಗುವೇ ಗುರುತು ಮಾಡುತ್ತದೆ. ಆ ಚಾರ್ಟು ನೋಡಲು ಯಾವ ಕೌನ್ಸೆಲರೂ ಬೇಕಾಗಿರಲಿಲ್ಲ. ಕೂಲಿಗೆ ಹೋಗುವ ತಾಯಿ ಬಂದರೂ ಮಗುವೇ ಬೆರಳಿಟ್ಟು ತೋರಿಸುತ್ತಿತ್ತು, "ಇಲ್ಲಿದೀನಿ ನೋಡಮ್ಮ" ಅಂತ.

ಒಂದು ವಾರಕ್ಕೆ ವರದಿ ಬಂತು. 24 ಪುಟ, ದಪ್ಪ ಹೊಳೆಯುವ ಕಾಗದ, ಸ್ಪೈರಲ್ ಬೈಂಡಿಂಗ್. ಮೊದಲ ಪುಟದಲ್ಲಿ ಚಿನ್ನು ಹೆಸರು ಬಂಗಾರದ ಬಣ್ಣದಲ್ಲಿ. ನನ್ನ ನೇಮಕಾತಿ ಆದೇಶವೇ ಇಷ್ಟು ಚೆನ್ನಾಗಿರಲಿಲ್ಲ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಓದಿನ ಬಗ್ಗೆ ಬರೆದದ್ದೂ ಇಂಗ್ಲಿಷಿನಲ್ಲೇ.

ಗಣಿತದ ಪುಟ ತೆಗೆದೆವು. ಒಂದು ದೊಡ್ಡ ವೃತ್ತ, ಮುಕ್ಕಾಲು ಕಿತ್ತಳೆ ಬಣ್ಣ. "62 ಪರ್ಸೆಂಟೈಲ್." ಕೆಳಗೆ "ಬೆಳೆಯುತ್ತಿರುವ ಹಂತ" ಅನ್ನುವ ಅರ್ಥದ ಎರಡು ಪದ. ಸೊಸೆಯ ಮುಖ ಸಣ್ಣದಾಯಿತು. "ಬರೀ 62 ಅತ್ತೆ, ಸ್ಕೂಲಲ್ಲಿ 70 ಬರುತ್ತೆ" ಅಂದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಈ ಒಂದು ಪದಕ್ಕೆ ಎಷ್ಟು ಮನೆಯಲ್ಲಿ ರಾತ್ರಿ ಊಟ ಕೆಟ್ಟಿದೆಯೋ. ಪರ್ಸೆಂಟು ಬೇರೆ, ಪರ್ಸೆಂಟೈಲು ಬೇರೆ. 100ಕ್ಕೆ 62 ಅಂಕ ಬಂದರೆ ಅದು ಪರ್ಸೆಂಟು. 62 ಪರ್ಸೆಂಟೈಲು ಅಂದರೆ ಇದೇ ಪರೀಕ್ಷೆ ಬರೆದ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 62 ಮಕ್ಕಳು ಇವಳ ಹಿಂದೆ ಇದ್ದಾರೆ ಅಂತ. ಪರೀಕ್ಷೆ ಕಷ್ಟವಿದ್ದರೆ 40 ಅಂಕ ತೆಗೆದವಳೂ 62ನೇ ಪರ್ಸೆಂಟೈಲಿನಲ್ಲಿ ಇರಬಹುದು. ಅವಳಿಗೆ ಏನು ಬರುತ್ತದೆ ಅಂತ ಆ ಸಂಖ್ಯೆ ಹೇಳುವುದೇ ಇಲ್ಲ. ಸಾಲಿನಲ್ಲಿ ಎಲ್ಲಿ ನಿಂತಿದ್ದಾಳೆ ಅಂತ ಮಾತ್ರ ಹೇಳುತ್ತದೆ. ಅದು ಯಾರ ಸಾಲು? ವಿವರಿಸಲು ಬಂದ ಕೌನ್ಸೆಲರ್ ಸಾಹೇಬರನ್ನು ಕೇಳಿದೆ. "ನ್ಯಾಷನಲ್ ಬೆಂಚ್‌ಮಾರ್ಕ್ ಮೇಡಂ" ಅಂದರು. ಯಾವ ಊರಿನ ಮಕ್ಕಳು, ಎಷ್ಟು ಮಕ್ಕಳು, ಯಾವ ವರ್ಷ ಬರೆದದ್ದು? "ಅದು ನಮ್ಮ ಬ್ಯಾಕೆಂಡ್ ಟೀಮ್‌ಗೆ ಗೊತ್ತಿರುತ್ತೆ."

ಇನ್ನೊಂದು ಕೇಳಿದೆ. ಇವಳು ಯಾವ ಪ್ರಶ್ನೆ ತಪ್ಪು ಮಾಡಿದ್ದಾಳೆ, ಏನು ಉತ್ತರ ಕೊಟ್ಟಿದ್ದಾಳೆ, ಅದನ್ನು ತೋರಿಸಿ ಅಂದೆ. ಆಗುವುದಿಲ್ಲವಂತೆ. ಪ್ರಶ್ನೆಗಳು ಗೋಪ್ಯ, ಕಂಪನಿಯ ಪಾಲಿಸಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ನಮ್ಮ ಸರ್ಕಾರಿ ಶಾಲೆಗಳಲ್ಲಿ "ಸಮುದಾಯದತ್ತ ಶಾಲೆ" ಅಂತ ಒಂದು ಕಾರ್ಯಕ್ರಮ ಇದೆ. ಅವತ್ತು ಪೋಷಕರನ್ನು ಕರೆದು ಮಕ್ಕಳ ಉತ್ತರಪತ್ರಿಕೆ, ಕೃತಿ ಸಂಪುಟ (ಮಗು ವರ್ಷವಿಡೀ ಮಾಡಿದ ಕೆಲಸದ ಫೈಲು) ಎಲ್ಲ ಅವರ ಕೈಗೇ ಕೊಡುತ್ತೇವೆ. ಓದಲು ಬಾರದ ತಂದೆ ಕೂಡ ಹಾಳೆ ತಿರುಗಿಸಿ ನೋಡಿ, "ಇಲ್ಯಾಕ್ ಮೇಡಂ ಕೆಂಪಿಂಕು?" ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು ಆ ತಪ್ಪನ್ನು ಮೊದಲು ಅರ್ಥ ಮಾಡಿಕೊಂಡಿರಬೇಕಿತ್ತು. ಇಲ್ಲಿ 3,500 ಕೊಟ್ಟರೂ ತಪ್ಪನ್ನು ನೋಡುವ ಹಕ್ಕಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆದು, ಫಿಲಂ ತಮ್ಮ ಹತ್ತಿರವೇ ಇಟ್ಟುಕೊಂಡು, ನಿಮ್ಮ ಮೂಳೆ 62 ಅಂದ ಹಾಗಾಯಿತು.

ಫಿಲಂ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಭಾನುವಾರ ಬಟ್ಟೆ ಒಗೆಯಲು ಹಾಕುವಾಗ ಚಿನ್ನು ಫ್ರಾಕಿನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಬಿಳಿ ಹಾಳೆ ಇತ್ತು. ಪರೀಕ್ಷೆಯ ದಿನ ಗೀಚಿದ್ದು. ವಾಪಸ್ ಕೊಡಬೇಕಿತ್ತಂತೆ, ಮರೆತಿದ್ದಾಳೆ. ಅದರ ಹಿಂದೆ ಒಂದು ಬೆಕ್ಕಿನ ಚಿತ್ರ, ಮುಂದೆ ಐದು ವ್ಯವಕಲನ.

85ರಲ್ಲಿ 32 ಕಳೆದು 53. ಸರಿ. 69ರಲ್ಲಿ 45 ಕಳೆದು 24. ಸರಿ. 71ರಲ್ಲಿ 38 ಕಳೆದು 47. 50ರಲ್ಲಿ 23 ಕಳೆದು 33. 403ರಲ್ಲಿ 167 ಕಳೆದು 364.

ಪಾಠ ಮಾಡಿದವರಿಗೆ ಇದನ್ನು ನೋಡಿದ ತಕ್ಷಣ ನಗು ಬರುತ್ತದೆ, ಹಳೇ ಪರಿಚಯದವರು ಸಿಕ್ಕ ಹಾಗೆ. 71ರಲ್ಲಿ 38. ಬಿಡಿಸ್ಥಾನದಲ್ಲಿ ಒಂದರಿಂದ ಎಂಟು ಹೋಗುವುದಿಲ್ಲ. ಇವಳು ಏನು ಮಾಡಿದ್ದಾಳೆ ಅಂದರೆ ತಿರುಗಿಸಿ ಎಂಟರಿಂದ ಒಂದು ಕಳೆದಿದ್ದಾಳೆ, ಏಳು. ಏಳರಿಂದ ಮೂರು, ನಾಲ್ಕು. 47. ಐದಕ್ಕೆ ಐದರಲ್ಲೂ ಇದೇ ನಿಯಮ. ಮೊದಲ ಎರಡು ದಶಕ ರಹಿತ ಲೆಕ್ಕ, ಅಂದರೆ ಪಕ್ಕದ ಸ್ಥಾನದಿಂದ ಹತ್ತು ಸಾಲ ತರಬೇಕಿಲ್ಲ, ಅಲ್ಲಿ ಈ ನಿಯಮದಿಂದಲೂ ಸರಿ ಉತ್ತರವೇ ಬರುತ್ತದೆ. ಉಳಿದ ಮೂರು ದಶಕ ಸಹಿತ, ಸಾಲ ತರಲೇಬೇಕು, ಅಲ್ಲಿ ಕೈಕೊಡುತ್ತದೆ. ಅಂದರೆ ಇವಳಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ, ಅಜಾಗರೂಕತೆಯೂ ಅಲ್ಲ. ತುಂಬಾ ಶಿಸ್ತಾಗಿ ಒಂದು ತಪ್ಪು ನಿಯಮ ಪಾಲಿಸುತ್ತಿದ್ದಾಳೆ. "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಅಂತ ಒಂದನೇ ಎರಡನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿರುತ್ತೇವೆ. ಮಗು ಅದನ್ನು ಇಡೀ ಸಂಖ್ಯೆಗೆ ಹಾಕದೆ ಒಂದೊಂದು ಅಂಕಿಗೂ ಹಾಕಿಕೊಳ್ಳುತ್ತದೆ. ತಪ್ಪು ಯಾರದು ಹೇಳಿ?

ಈಗ ಮಜಾ ಕೇಳಿ. ಕೇಂದ್ರದವರ ಆ್ಯಪ್‌ನಲ್ಲಿ ಕೆಲವು ಮಾದರಿ ಪ್ರಶ್ನೆಗಳನ್ನು ಎಲ್ಲರಿಗೂ ಬಿಟ್ಟಿದ್ದಾರೆ. ಅದರಲ್ಲಿ ಒಂದು: 63ರಲ್ಲಿ 27 ಕಳೆದರೆ ಎಷ್ಟು? ಆಯ್ಕೆಗಳು 36, 44, 46, 90. ನೋಡಿ ನನಗೆ ಆ ಪ್ರಶ್ನೆ ಬರೆದವರ ಮೇಲೆ ಗೌರವ ಬಂತು. 36 ಸರಿ ಉತ್ತರ. 44 ಬಂದರೆ ಮಗು ನಮ್ಮ ಚಿನ್ನು ತರಹ ಅಂಕಿ ತಿರುಗಿಸಿ ಕಳೆಯುತ್ತಿದೆ. 46 ಬಂದರೆ ದಶಕ ತೆಗೆದುಕೊಂಡಿದೆ, ಆದರೆ ಹತ್ತರ ಸ್ಥಾನದಲ್ಲಿ ಒಂದು ಕಡಿಮೆ ಮಾಡುವುದನ್ನು ಮರೆತಿದೆ. 90 ಬಂದರೆ ಚಿಹ್ನೆ ನೋಡದೆ ಕೂಡಿಬಿಟ್ಟಿದೆ. ಮೂರು ತಪ್ಪು ಉತ್ತರಕ್ಕೆ ಮೂರು ಬೇರೆ ಕಾರಣ, ಮೂರಕ್ಕೂ ಬೇರೆ ಬೇರೆ ಮದ್ದು. ಈ ಪ್ರಶ್ನೆ ತಯಾರಿಸಿದವರು ಯಾರೋ ತರಗತಿಯಲ್ಲಿ ಬೆವರು ಹರಿಸಿದವರೇ ಇರಬೇಕು. ಮಗು ಯಾವ ಆಯ್ಕೆ ಒತ್ತಿತು ಅಂತ ಟ್ಯಾಬ್‌ಗೆ ಗೊತ್ತು. ಅಂದರೆ ಚಿನ್ನುವಿನ ರೋಗ ಏನು ಅಂತ ಅವರ ಯಂತ್ರದ ಹೊಟ್ಟೆಯಲ್ಲಿ ಆಗಲೇ ಇತ್ತು. ಅದನ್ನೆಲ್ಲ ಅರೆದು, ಸೋಸಿ, ರಸ ಚೆಲ್ಲಿ, ಸಿಪ್ಪೆಯನ್ನು ಬಂಗಾರದ ಅಕ್ಷರದಲ್ಲಿ ಬೈಂಡ್ ಮಾಡಿ ಕೊಟ್ಟಿದ್ದಾರೆ.

ಸೊಸೆಗೆ ಆ ಹಾಳೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇಷ್ಟೇನಾ ಅತ್ತೆ?" ಅಂದಳು. ಇಷ್ಟೇ.

ಬೈಯುವುದು ಸುಲಭ. ನಾನೇನು ಸಾಚಾ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಅದರಲ್ಲೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅಂತ ಬರೆದಿತ್ತು. ನಾವು ಬಾಯಲ್ಲಿ ಸಿಸಿಇ ಅನ್ನುತ್ತಿದ್ದೆವು. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಯುವಾಗಲೇ ಮಾಡುವ ಮೌಲ್ಯಮಾಪನ), ಒಂದೊಂದಕ್ಕೆ ಶೇಕಡಾ 15. ಎರಡು ಸಂಕಲನಾತ್ಮಕ (ಅವಧಿ ಮುಗಿದಾಗಿನ ಪರೀಕ್ಷೆ), ಒಂದೊಂದಕ್ಕೆ 20. ಒಟ್ಟು 100. ಆಮೇಲೆ ಗ್ರೇಡು: 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕೂ ಕೆಳಗೆ ಸಿ. ಆಲೋಚನೆ ಚೆನ್ನಾಗಿಯೇ ಇತ್ತು. ವರ್ಷದ ಕೊನೆಯ ಒಂದು ದಿನದ ಜ್ವರ, ಹೊಟ್ಟೆನೋವು ಮಗುವಿನ ಹಣೆಬರಹ ಆಗಬಾರದು, ಕಲಿಯುವಾಗಲೇ ನೋಡಿ ತಿದ್ದಬೇಕು ಅಂತ. ನಡೆದದ್ದು ಏನು? ದಾಖಲೆ. ಮಕ್ಕಳ ಮುಖಕ್ಕಿಂತ ಜಾಸ್ತಿ ರಿಜಿಸ್ಟರ್ ನೋಡಿದೆವು. ಶಾಲೆ ನೋಡಲು ಬರುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಾಳೆ ಬರುತ್ತಾರೆ ಅಂದರೆ ಇಂದು ರಾತ್ರಿ ಚಟುವಟಿಕೆಯ ಅಂಕ ತುಂಬಿದ್ದೇನೆ, 12, 13, 11, 14 ಅಂತ, ಒಂದೇ ಸಮ ಕಾಣಬಾರದು ಅಂತ ಅಲ್ಲಲ್ಲಿ 9 ಹಾಕಿ. ಭಾಗ ಬಿಯಲ್ಲಿ ಮನೋಭಾವ, ಮೌಲ್ಯಗಳಿಗೂ ಗ್ರೇಡ್ ಕೊಡಬೇಕಿತ್ತು. ಊಟ ಮುಗಿಸಿ ಟಿವಿ ನೋಡುತ್ತಾ 40 ಮಕ್ಕಳ ಸಹಕಾರ ಮನೋಭಾವಕ್ಕೆ ಗ್ರೇಡ್ ಹಾಕಿದವಳು ನಾನು. ಆಮೇಲೆ ಮಕ್ಕಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶ ಬಂತು, ಅದೇ ಅಂಕಗಳನ್ನು ಆನ್‌ಲೈನ್‌ನಲ್ಲಿ ತುಂಬಿದೆವು, ಸರ್ವರ್ ನಿಧಾನ ಅಂತ ಕೆಲವೊಮ್ಮೆ ರಾತ್ರಿ 11ಕ್ಕೆ.

ಅದಕ್ಕೇ ಈ ವರದಿಯ 17ನೇ ಪುಟದಲ್ಲಿ "ಸೃಜನಶೀಲತೆ 71, ಸಹಾನುಭೂತಿ 58" ಅಂತ ನೋಡಿದಾಗ ಕೋಪಕ್ಕಿಂತ ಮೊದಲು ನಾಚಿಕೆ ಆಯಿತು. ಟ್ಯಾಬ್ ಮುಂದೆ 90 ನಿಮಿಷ ಕೂತ ಮಗುವಿನ ಸಹಾನುಭೂತಿ 58 ಅಂತ ಹೇಗೆ ಗೊತ್ತಾಯಿತು? ನನ್ನ ರಿಜಿಸ್ಟರಿನಲ್ಲಿ ಕನಿಷ್ಠ ಆ ಮಗು ಪಕ್ಕದವಳಿಗೆ ರಬ್ಬರು ಕೊಡುತ್ತಿತ್ತೋ ಇಲ್ಲವೋ ಅಂತ ನಾನು ವರ್ಷವಿಡೀ ನೋಡಿರುತ್ತಿದ್ದೆ. ಬರೆಯುವುದು ಮಾತ್ರ ಒಂದೇ ರಾತ್ರಿ. ಆ ಪುಟವನ್ನು ಸ್ಟೇಪ್ಲರ್ ಹಾಕಿ ಮುಚ್ಚಿದ್ದೇನೆ. ಚಿನ್ನು ಒಂದು ದಿನ ಓದಿ, "ನಂಗೆ ಸಹಾನುಭೂತಿ ಕಡಿಮೆ" ಅಂತ ನಂಬಿಬಿಟ್ಟರೆ ಕಷ್ಟ. ಮಕ್ಕಳು ಸಂಖ್ಯೆಯನ್ನು ನಂಬುತ್ತಾರೆ.

ಸಂಖ್ಯೆಯ ಈ ಗುಣ ನನಗೆ ತಡವಾಗಿ ಅರ್ಥ ಆಯಿತು. ಉತ್ತರಪತ್ರಿಕೆ ತಿದ್ದಿ ಕೊಟ್ಟಾಗ ಮಕ್ಕಳು ಏನು ಮಾಡುತ್ತಾರೆ ನೋಡಿದ್ದೀರಾ? ಬಲಗಡೆ ಮೇಲಿನ ಮೂಲೆಯ ಅಂಕ ನೋಡುತ್ತಾರೆ, ಪಕ್ಕದವನ ಅಂಕ ನೋಡುತ್ತಾರೆ, ಮಡಚಿ ಬ್ಯಾಗಿಗೆ ಹಾಕುತ್ತಾರೆ. ನಾನು ಪಕ್ಕದಲ್ಲಿ ಬರೆದ ಮೂರು ಸಾಲು ಯಾರೂ ಓದಲ್ಲ. 1988ರಲ್ಲಿ ರೂತ್ ಬಟ್ಲರ್ ಅನ್ನುವವರು ಇಸ್ರೇಲಿನ ಐದು ಆರನೇ ತರಗತಿ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ್ದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು, ಆಸಕ್ತಿ ಉಳಿದದ್ದು ಟಿಪ್ಪಣಿ ಮಾತ್ರ ಸಿಕ್ಕ ಮಕ್ಕಳಲ್ಲಿ. ಎರಡೂ ಸಿಕ್ಕವರಿಗೆ ಅಂಕ ಟಿಪ್ಪಣಿಯನ್ನು ನುಂಗಿಬಿಟ್ಟಿತ್ತು. ಇದನ್ನು ಒಂದು ತರಬೇತಿಯಲ್ಲಿ ಕೇಳಿದ ಮೇಲೆ ನಾನು ಕಿರು ಪರೀಕ್ಷೆಗಳಿಗೆ ಅಂಕ ಹಾಕುವುದನ್ನು ಎರಡು ವಾರ ತಡ ಮಾಡಲು ಶುರು ಮಾಡಿದೆ. ಮೊದಲು ಟಿಪ್ಪಣಿ ಮಾತ್ರ, ಮಗು ತಿದ್ದಿ ತಂದ ಮೇಲೆ ಅಂಕ. ಗಲಾಟೆ ಮಾಡಿದ್ದು ಮಕ್ಕಳಲ್ಲ, ನಮ್ಮ ಸ್ಟಾಫ್ ರೂಮು.

ವರದಿಯಲ್ಲಿ ಆ ಓದಿನ ಹುಡುಗಿ ಬರೆದುಕೊಂಡಿದ್ದೆಲ್ಲ ಏನಾಯಿತು ಅಂತ ಹುಡುಕಿದೆ. 21ನೇ ಪುಟದ ಕೆಳಗೆ ಒಂದು ಸಾಲು: "ಕನ್ನಡ ಓದು: ಹಂತ 3." ಒತ್ತಕ್ಷರ ಇಲ್ಲ, ಅರ್ಕಾವತ್ತು ಇಲ್ಲ, ಕಪ್ಪೆ ಇಲ್ಲ.

ವಿವರಣೆಯ ಭೇಟಿಯ ಬಗ್ಗೆ ಎರಡು ಮಾತು. ಅರ್ಧ ಗಂಟೆ ಅಂದಿದ್ದರು. ವರದಿಗೆ ಹತ್ತು ನಿಮಿಷ, ಉಳಿದ ಇಪ್ಪತ್ತು ನಿಮಿಷ ಪ್ಯಾಕೇಜಿಗೆ. ಆರು ತಿಂಗಳ ಕೋರ್ಸು, 18,000 ರೂಪಾಯಿ, ಅವತ್ತೇ ಕಟ್ಟಿದರೆ 15,500. ಸೊಸೆ ಅನುಮಾನ ಮಾಡಿದಾಗ ಆ ಸಾಹೇಬರು ಕೊನೆಯ ಅಸ್ತ್ರ ತೆಗೆದರು. "ನೆಕ್ಸ್ಟ್ ಇಯರ್ ಫಿಫ್ತ್ ಅಲ್ವಾ ಮೇಡಂ, ಬೋರ್ಡ್ ಎಕ್ಸಾಮ್ ಇರುತ್ತೆ." ನಾನು ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದವಳು ಬಾಯಿ ತೆರೆದೆ. 2023ರಲ್ಲಿ ಐದು, ಎಂಟನೇ ತರಗತಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ನಡೆದಾಗ ಯಾರನ್ನೂ ಫೇಲ್ ಮಾಡುವುದಿಲ್ಲ ಅಂತಲೇ ಇಲಾಖೆ ಹೇಳಿತ್ತು. 2024ರಲ್ಲಿ ಐದು, ಎಂಟು, ಒಂಬತ್ತಕ್ಕೆ ಮತ್ತೆ ಮಾಡಲು ಹೋಗಿ ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟು ಹತ್ತಿತು. ಏಪ್ರಿಲ್‌ನಲ್ಲಿ ಫಲಿತಾಂಶವನ್ನೇ ಸುಪ್ರೀಂ ಕೋರ್ಟು ತಡೆಹಿಡಿಯಿತು. ಇಷ್ಟು ಹೇಳಿ, ಹತ್ತು ವರ್ಷದ ಮಗುವಿನ ತಾಯಿಗೆ ಇದನ್ನು ತೋರಿಸಿ ಹೆದರಿಸಬೇಡಿ ಅಂದೆ. ಅವರು ನೀರು ಕುಡಿದರು. ಪಾಪ, ಅವರಿಗೂ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ. ಅವರಿಗೂ ಯಾರೋ ಗ್ರೇಡ್ ಹಾಕುತ್ತಿರುತ್ತಾರೆ.

ನಾವು ಪ್ಯಾಕೇಜು ತೆಗೆದುಕೊಳ್ಳಲಿಲ್ಲ. ಹಾಗಂತ ಸೊಸೆ ಕೊಟ್ಟ ದುಡ್ಡು ಪೂರಾ ದಂಡ ಅಂತಲೂ ಹೇಳುವುದಿಲ್ಲ. ಹೋಗದೆ ಇದ್ದಿದ್ದರೆ ಆ ಹಾಳೆ ನನ್ನ ಕೈಗೆ ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಪಾಠ ಹೇಳಿದವರು ಯಾರೂ ಇಲ್ಲ, ಶಾಲೆಯಲ್ಲಿ ಕೇಳಿದರೆ "ಪ್ರಾಕ್ಟೀಸ್ ಸಾಲದು" ಅಂತ ಮಾತ್ರ ಹೇಳುತ್ತಾರೆ ಅನ್ನುವುದಾದರೆ ಒಂದು ಸಲ ಹೋಗಬಹುದು. ಆದರೆ ದುಡ್ಡು ಕಟ್ಟುವ ಮೊದಲೇ ಕೇಳಿ: ಮಗುವಿನ ತಪ್ಪು ಉತ್ತರಗಳನ್ನು ತೋರಿಸುತ್ತೀರಾ, ಗೀಚಿದ ಹಾಳೆ ವಾಪಸ್ ಕೊಡುತ್ತೀರಾ ಅಂತ. ಇಲ್ಲ ಅಂದರೆ ಅದೇ ಆಟೋದಲ್ಲಿ ವಾಪಸ್ ಬನ್ನಿ. ಕನ್ನಡದ ಓದಿನ ಭಾಗ ಖಂಡಿತ ಸೇರಿಸಿ, ಪರೀಕ್ಷಿಸಿದವರ ಬಾಯಿಂದಲೇ ಅಲ್ಲೇ ಕೇಳಿಕೊಂಡು ಬನ್ನಿ, ವರದಿಗೆ ಕಾಯಬೇಡಿ. ನನ್ನ ಹಳೇ ಪಟ್ಟಿಯ ಪ್ರಕಾರ ಗ್ರೇಡ್ ಕೊಡಿ ಅಂದರೆ ಪ್ರಶ್ನೆ ತಯಾರಿಸಿದವರಿಗೆ ಎ, ಓದು ಕೇಳಿದ ಹುಡುಗಿಗೆ ಎ ಪ್ಲಸ್, ವರದಿಗೆ ಸಿ. ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಬಿ ಪ್ಲಸ್ ಬರಬಹುದು, ಆದರೆ ಆ ಬಿ ಪ್ಲಸ್‌ನಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಚಿನ್ನುವಿನ ಕತೆ ಕೇಳುವವರಿಗೆ. ನಾನು ಪುಸ್ತಕ ತೆಗೆಯಲಿಲ್ಲ, ತೆಗೆದರೆ ಹೊಟ್ಟೆನೋವು. ಹತ್ತು ರೂಪಾಯಿಯ ಏಳು ನೋಟು, ಒಂದು ರೂಪಾಯಿಯ ಒಂದು ನಾಣ್ಯ ಅವಳ ಕೈಗೆ ಕೊಟ್ಟೆ. ನಾನು ಹೂವಿನವಳು, ನಂಗೆ 38 ರೂಪಾಯಿ ಕೊಡು ಅಂದೆ. ಮೂರು ನೋಟು ಕೊಟ್ಟಳು. ಎಂಟು ರೂಪಾಯಿ ಅಂದೆ. ನಾಣ್ಯ ನೋಡಿದಳು, ನನ್ನ ಮುಖ ನೋಡಿದಳು. "ಚಿಲ್ರೆ ಇಲ್ವಲ್ಲ ಅಜ್ಜಿ" ಅಂದಳು. ಏನ್ಮಾಡ್ತೀಯ? "ಒಂದ್ ನೋಟ್ ಚಿಲ್ರೆ ಮಾಡಿಸ್ತೀನಿ." ಅಡುಗೆಮನೆಯ ಡಬ್ಬಿಯಿಂದ ಹತ್ತು ನಾಣ್ಯ ತಂದಳು. ಉಳಿದದ್ದು ಎಣಿಸಿದಳು, 33. ಆಮೇಲೆ ತನ್ನದೇ ಹಾಳೆಯ 47 ನೋಡಿ, "ಯಾರ್ ಬರ್ದಿದ್ದು ಇದು?" ಅಂದಳು.

ಎರಡಂಕಿಯದು ನಾಲ್ಕು ದಿನಕ್ಕೆ ಕೂತಿತು. 403ರಲ್ಲಿ 167 ಇನ್ನೂ ಕೂತಿಲ್ಲ. ನಡುವಿನ ಸೊನ್ನೆಯ ಹತ್ತಿರ ಚಿಲ್ಲರೆಯೇ ಇಲ್ಲ, ಅವಳು ನೂರರ ಮನೆಗೆ ಹೋಗಿ ಕೇಳಬೇಕು, ಅದು ದೂರ ಆಗುತ್ತದೆ. ನೂರರ ನಾಲ್ಕು ನೋಟು ಬೇಕಾಗಬಹುದು, ನನ್ನ ಪಿಂಚಣಿ ಬರಲಿ.

ಕೇಂದ್ರದಿಂದ ಮೊನ್ನೆ ಮತ್ತೆ ಫೋನ್ ಬಂದಿತ್ತು. ಮೂರು ತಿಂಗಳಾಯಿತು, ಮರುಪರೀಕ್ಷೆಗೆ ಶೇಕಡಾ 20 ರಿಯಾಯಿತಿ ಅಂತ. ಟ್ಯಾಬ್ ಬೇಡ, ವರದಿ ಬೇಡ, ಆ ಓದು ಕೇಳುವ ಹುಡುಗಿ ಇದ್ದರೆ ಏಳು ನಿಮಿಷಕ್ಕೆ 500 ರೂಪಾಯಿ ಕೊಡುತ್ತೇನೆ ಅಂದೆ. ಹಾಗೆಲ್ಲ ಬಿಡಿಬಿಡಿಯಾಗಿ ಕೊಡುವುದಿಲ್ಲವಂತೆ.